ಗುಂಡಿನ ದಯೆ ಯಾರ ಪಾಲಿಗೆ?

ಆಫ್ರಿಕದ ಡಿಕ್‌ಡಿಕ್ ಎಂಬ ಹುಲ್ಲೆ ನಾಲ್ಕೈದು ಕಿಲೋ ತೂಗುವ, ಮೊಲಕ್ಕಿಂತ ತುಸು ದೊಡ್ಡದಾದ ಪ್ರಾಣಿ. ಗಂಡು ಹೆಣ್ಣು ಜೊತೆಯಾಗಿ ಬದುಕುತ್ತವೆ. ಅಪಾಯ ಕಂಡಾಗ ಅವು ಕೂಗುವ ಸದ್ದೇ ಅವುಗಳ ಹೆಸರಾಗಿದೆ. ಇಂಥ ಪ್ರಾಣಿಯನ್ನು ಕೊಲ್ಲಲು ಯಾವ ಬಗೆಯ ಗುಂಡು ಯೋಗ್ಯವೆಂಬುದು ಅಲ್ಲಿಗೆ ಬೇಟೆಗೆ ಹೋಗುವ ಹಣವಂತರ ನಡುವೆ ಬಹುಕಾಲದಿಂದ ನಡೆದುಬಂದಿರುವ ಚರ್ಚೆ. ಅನುಭವಿಗಳು ಅನೇಕರು ಕೊಡುವ ಸಲಹೆಯೆಂದರೆ, ದೇಹದೊಳಗೆ ಅರಳದ ಗುಂಡನ್ನು ಬಳಸಬೇಕು ಎಂಬುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ಅದರ 1991ರ ತಿದ್ದುಪಡಿಯ ನಂತರ ಬೇಟೆಯ ಬಾಗಿಲು ಬಹುಮಟ್ಟಿಗೆ ಮುಚ್ಚಿರುವ ದೇಶದವರಾದ ನಮಗೇಕೆ ಈ ಮಾತು ಎಂದು ಓದುಗರು ಕೇಳಬಹುದು. ಈ ವಾದದ ಒಂದು ಬೇರು ನಮ್ಮ ನೆಲದಲ್ಲಿಯೇ, ಕೋಲ್ಕತ್ತೆಯ ಪಕ್ಕದ ದಮ್‌ದಮ್‌ನಲ್ಲಿದೆ. ಯಾರ ನೋವನ್ನು ಲೆಕ್ಕಕ್ಕೆ ಹಿಡಿಯಬೇಕು, ಯಾರದನ್ನು ಬಿಡಬೇಕು ಎಂಬ ಪ್ರಶ್ನೆ ಒಮ್ಮೆ ನಮ್ಮವರ ದೇಹದ ಮೇಲೆಯೇ ತೀರ್ಮಾನವಾಗಿತ್ತು. ಆದ್ದರಿಂದ ಇದು ಪೂರ್ತಿಯಾಗಿ ಪರರ ಸಂಗತಿಯಲ್ಲ.

ಮೊದಲು ಎರಡು ಬಗೆಯ ಗುಂಡುಗಳ ವ್ಯತ್ಯಾಸವನ್ನು ತಿಳಿಯೋಣ. ತುದಿಯಲ್ಲಿ ಸೀಸ ತೆರೆದಿರುವ ಅಥವಾ ತುದಿ ಟೊಳ್ಳಾಗಿರುವ ಗುಂಡು ಮಾಂಸವನ್ನು ಹೊಕ್ಕೊಡನೆ ಅಣಬೆಯಂತೆ ಅರಳಿ, ತನ್ನ ಮೂಲ ವ್ಯಾಸದ ಸುಮಾರು ಎರಡು ಪಟ್ಟು ಅಗಲವಾಗುತ್ತದೆ. ಗಾಯ ಹಿರಿದಾಗುತ್ತದೆ, ರಕ್ತ ಬೇಗ ಹರಿಯುತ್ತದೆ, ಪ್ರಾಣ ಬೇಗ ಹೋಗುತ್ತದೆ. ಮುಂಭಾಗವೆಲ್ಲ ಗಟ್ಟಿ ಲೋಹದ ಕವಚ ಹೊದ್ದ, ಇಲ್ಲವೇ ಹಿತ್ತಾಳೆಯ ಅಥವಾ ತಾಮ್ರದ ಒಂದೇ ತುಂಡಿನಿಂದ ಮಾಡಿದ ಗುಂಡು ಅರಳುವುದಿಲ್ಲ. ಆಕಾರ ಕೆಡದೆ ನೇರವಾಗಿ ಆಳಕ್ಕೆ ಇಳಿಯುತ್ತದೆ. ಬೇಟೆಗಾರರು ಸಾಲಿಡ್ ಎಂದು ಕರೆಯುವ ಈ ಗುಂಡು ಆನೆ ಮತ್ತು ಆಫ್ರಿಕದ ಕಾಡೆಮ್ಮೆಗಳ ದಪ್ಪ ಮೂಳೆ, ಮಾಂಸಗಳನ್ನು ಭೇದಿಸಲೆಂದು ಇರುವಂಥದು.

ಆನೆಗಾಗಿ ಇರುವ ಗುಂಡು ಡಿಕ್‌ಡಿಕ್ಕಿನ ಮೇಲೆ ಪ್ರಯೋಗವಾಗುವುದಕ್ಕೆ ಕಾರಣ ಸರಳವಾದದ್ದು. ಸಫಾರಿಗೆ ಬಂದವನು ಇನ್ನೂರು ಕಿಲೋ ಮೀರಿ ತೂಗುವ ಕುಡು ಹುಲ್ಲೆಗೆಂದು ತಂದ ರೈಫಲ್ಲನ್ನೇ ಕೈಯಲ್ಲಿ ಹಿಡಿದಿರುತ್ತಾನೆ. ಅದರ ಅರಳುವ ಗುಂಡು ಐದು ಕಿಲೋದ ಪ್ರಾಣಿಗೆ ಬಡಿದರೆ, ಹೊರಬೀಳುವ ಕಡೆ ಮುಷ್ಟಿಗಾತ್ರದ ರಂಧ್ರವಾಗಿ ಚರ್ಮ ಹಾಳಾಗಬಹುದು. ದಕ್ಷಿಣ ಆಫ್ರಿಕದ ಸಫಾರಿ ವ್ಯವಹಾರದಲ್ಲಿ ಡಿಕ್‌ಡಿಕ್, ಸ್ಟೀನ್‌ಬಾಕ್, ಕ್ಲಿಪ್‌ಸ್ಪ್ರಿಂಗರ್, ಒರಿಬಿ, ಸುನಿ, ಡೈಕರ್, ಗ್ರೈಸ್‌ಬಾಕ್ ಎಂಬ ಪುಟ್ಟ ಹುಲ್ಲೆಗಳಿಗೆಲ್ಲ ‘ಟೈನಿ ಟೆನ್’ ಎಂಬ ಒಟ್ಟು ಹೆಸರಿದೆ. ಹತ್ತನ್ನೂ ಕೊಂದು, ಚರ್ಮ ತುಂಬಿಸಿ, ಮನೆಯಲ್ಲಿ ಸಾಲಾಗಿ ನಿಲ್ಲಿಸುವ ಸಂಗ್ರಾಹಕರಿದ್ದಾರೆ. ಅವರಿಗೆ ಬೇಕಾದದ್ದು ಇಡಿಯಾದ ಚರ್ಮ. ಸಣ್ಣ ತೂತು ಬಿಟ್ಟು ಹಾದುಹೋಗುವ ಗುಂಡಾದರೆ, ನಾಲ್ಕು ಹೊಲಿಗೆ ಹಾಕಿದ ಮೇಲೆ ಗಾಯವಿದ್ದುದೇ ತಿಳಿಯುವುದಿಲ್ಲ.

ಇನ್ನು ದಮ್‌ದಮ್‌ನ ಕಥೆ. ಬ್ರಿಟಿಷ್ ಸೈನ್ಯವು ಕವಚ ಹೊದ್ದ .303 ಗುಂಡನ್ನು ಬಳಕೆಗೆ ತಂದ ಮೇಲೆ, 1895ರ ಚಿತ್ರಾಲ್ ದಂಡಯಾತ್ರೆಯಿಂದ ಒಂದು ದೂರು ಬಂದಿತು: ಗುಂಡು ದೇಹವನ್ನು ಹಾದುಹೋದರೂ ಎದುರಾಳಿ ನುಗ್ಗಿ ಬರುತ್ತಲೇ ಇರುತ್ತಾನೆ. ದಮ್‌ದಮ್ ಶಸ್ತ್ರಾಗಾರದಲ್ಲಿ ಕ್ಯಾಪ್ಟನ್ ನೆವಿಲ್ ಬರ್ಟಿ-ಕ್ಲೇ ಎಂಬ ಅಧಿಕಾರಿ, ಕವಚದ ತುದಿಯಲ್ಲಿ ಸೀಸ ತೆರೆದುಕೊಳ್ಳುವಂತೆ ಮಾಡಿ ಅರಳುವ ಗುಂಡನ್ನು ಸಿದ್ಧಪಡಿಸಿದ. 1897-98ರ ತೀರಾಹ್ ಯುದ್ಧದಲ್ಲಿ ವಾಯವ್ಯ ಗಡಿಯ ಬುಡಕಟ್ಟಿನವರ ಮೇಲೆ ಅದು ಬಳಕೆಯಾಯಿತು. 1899ರ ಹೇಗ್ ಶಾಂತಿ ಸಮ್ಮೇಳನವು ಮನುಷ್ಯದೇಹದಲ್ಲಿ ಸುಲಭವಾಗಿ ಅರಳುವ ಗುಂಡುಗಳನ್ನು ನಿಷೇಧಿಸಲು ಹೊರಟಾಗ ಬ್ರಿಟನ್ನಿನ ಪ್ರತಿನಿಧಿ ಸರ್ ಜಾನ್ ಆರ್ಡಾ ವಿರೋಧಿಸಿದರು. ನಾಗರಿಕ ಸೈನಿಕನು ಗಾಯಗೊಂಡರೆ ಹಿಂದೆ ಸರಿಯುತ್ತಾನೆ, ಅನಾಗರಿಕನು ಸರಿಯುವುದಿಲ್ಲ ಎಂಬುದು ಅವರ ವಾದದ ಸಾರ. ಬ್ರಿಟನ್ ಆ ಘೋಷಣೆಯನ್ನು ಒಪ್ಪಿದ್ದು 1907ರಲ್ಲಿ. ಘೋಷಣೆಯಾದರೂ ಅದಕ್ಕೆ ಒಪ್ಪಿದ ರಾಷ್ಟ್ರಗಳ ನಡುವಿನ ಯುದ್ಧಕ್ಕೆ ಮಾತ್ರ ಅನ್ವಯಿಸುತ್ತಿತ್ತು. ಗಡಿಯ ಪಠಾಣನಾಗಲಿ, ವಸಾಹತು ಸೈನ್ಯದೆದುರು ನಿಂತ ಆಫ್ರಿಕದ ಯೋಧನಾಗಲಿ ಅದರ ನೆರಳಿಗೆ ಬರುತ್ತಿರಲಿಲ್ಲ.

ಅದೇ ಬ್ರಿಟನ್ನಿನಲ್ಲಿ, ಇಂಗ್ಲೆಂಡ್ ಮತ್ತು ವೇಲ್ಸ್‌ಗಳಿಗೆ ಅನ್ವಯಿಸುವ 1991ರ ಜಿಂಕೆ ಕಾಯ್ದೆಯು ರೈಫಲ್ಲಿನಿಂದ ಜಿಂಕೆಯನ್ನು ಹೊಡೆಯುವವನು ಅರಳುವ ಗುಂಡನ್ನೇ ಬಳಸಬೇಕೆಂದು ವಿಧಿಸುತ್ತದೆ. ಮೇಲುನೋಟಕ್ಕೆ ಇದು ವಿರೋಧಾಭಾಸ. ಆದರೆ ಎರಡರಲ್ಲಿಯೂ ನೋವನ್ನು ಕುರಿತ ಒಂದು ತರ್ಕವಿದೆ. ಸೈನಿಕನನ್ನು ಯುದ್ಧದಿಂದ ಹೊರಗಿಟ್ಟರೆ ಸಾಕು, ಅವನ ದೇಹವನ್ನು ಛಿದ್ರಗೊಳಿಸಬೇಕಾಗಿಲ್ಲ. ಜಿಂಕೆಯನ್ನು ಕೊಲ್ಲುವುದೇ ಉದ್ದೇಶವಾದ್ದರಿಂದ ಆದಷ್ಟು ಬೇಗ ಕೊಲ್ಲಬೇಕು. ಡಿಕ್‌ಡಿಕ್ಕಿನ ವಿಷಯಕ್ಕೆ ಬಂದಾಗ ಈ ತರ್ಕ ಕಾಣೆಯಾಗುತ್ತದೆ. ಅಲ್ಲಿ ಗುಂಡನ್ನು ಆರಿಸುವಾಗ ಕಣ್ಣೆದುರು ಇರುವುದು ಸಾಯುತ್ತಿರುವ ಪ್ರಾಣಿಯಲ್ಲ, ಸತ್ತ ಮೇಲೆ ಉಳಿಯುವ ಚರ್ಮ. ಹೇಗ್‌ನಲ್ಲಿ ಯಾವ ದೇಹಕ್ಕೆ ಎಷ್ಟು ದಯೆ ಸಲ್ಲಬೇಕೆಂದು ಕೋವಿ ಹಿಡಿದವನೇ ತೀರ್ಮಾನಿಸಿದ. ಇಲ್ಲಿಯೂ ತೀರ್ಮಾನಿಸುವವನು ಅವನೇ.

ಎದುರುವಾದಗಳಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಇಷ್ಟು ಸಣ್ಣ ಪ್ರಾಣಿಯ ಎದೆಗೆ ದೊಡ್ಡ ರೈಫಲ್ಲಿನ ಗುಂಡು ಸರಿಯಾಗಿ ತಗುಲಿದರೆ, ಅದು ಅರಳದಿದ್ದರೂ ಪ್ರಾಣಿ ಬೇಗನೆ ಸಾಯುತ್ತದೆ. ಅಡುಗೆಗೆಂದು ಹೊಡೆಯುವವನಿಗೆ ಅರಳದ ಗುಂಡಿನಿಂದ ಮಾಂಸ ಉಳಿಯುತ್ತದೆ. ತಾಮ್ರ, ಹಿತ್ತಾಳೆಗಳ ಗುಂಡಾದರೆ ಸೀಸದ ಚೂರುಗಳು ಊಟದಲ್ಲಿ ಬೆರೆಯುವ ಭಯವೂ ಇಲ್ಲ. ಮನೆಮಂದಿಯ ಹೊಟ್ಟೆಗಾಗಿ ಒಂದು ಡೈಕರನ್ನು ಹೊಡೆಯುವವನ ಲೆಕ್ಕಾಚಾರವನ್ನು ನಾನು ಗೌರವಿಸುತ್ತೇನೆ. ಬೇಟೆಯನ್ನು ನಿಷೇಧಿಸಿದೊಡನೆ ಪ್ರಾಣಿಗಳು ಉಳಿಯುತ್ತವೆಂಬ ಭ್ರಮೆಯೂ ನನಗಿಲ್ಲ. ಕೀನ್ಯ 1977ರಲ್ಲಿಯೇ ಬೇಟೆಯನ್ನು ನಿಲ್ಲಿಸಿತು. ಆದರೂ ಮುಂದಿನ ದಶಕಗಳಲ್ಲಿ ಅಲ್ಲಿನ ವನ್ಯಜೀವಿಗಳ ಸಂಖ್ಯೆ ಬಹಳವಾಗಿ ಕುಸಿಯಿತು. ನಮೀಬಿಯದಲ್ಲಿ 1996ರ ಕಾನೂನು ಹಳ್ಳಿಯ ಸಮುದಾಯಗಳಿಗೆ ವನ್ಯಜೀವಿಗಳ ಮೇಲೆ ಹಕ್ಕು ಕೊಟ್ಟಿತು. ಬೇಟೆಯ ಆದಾಯದ ಒಂದು ಪಾಲು ಆ ಸಮುದಾಯಗಳಿಗೆ ಸೇರುತ್ತದೆ. ಬೋಟ್ಸ್ವಾನ 2014ರಲ್ಲಿ ಹೇರಿದ ನಿಷೇಧವನ್ನು 2019ರಲ್ಲಿ ತೆಗೆದುಹಾಕಿತು. ಇವೆಲ್ಲ ಆ ನಾಡುಗಳ ಜನರೇ ನಿರ್ಧರಿಸಬೇಕಾದ ಸಂಗತಿಗಳು.

ಆದರೆ ‘ಸರಿಯಾಗಿ ತಗುಲಿದರೆ’ ಎಂಬ ಷರತ್ತಿನಲ್ಲಿಯೇ ತೊಡಕೆಲ್ಲ ಅಡಗಿದೆ. ಡಿಕ್‌ಡಿಕ್ಕಿನ ಹೃದಯ ಶ್ವಾಸಕೋಶಗಳ ಜಾಗ ಒಂದು ದೊಡ್ಡ ಮೋಸಂಬಿಯಷ್ಟು. ಒಂದೇ ರೈಫಲ್ಲಿನಿಂದ ಹಾರಿಸಿದರೂ ಬೇರೆ ಬೇರೆ ಗುಂಡುಗಳು ಒಂದೇ ಜಾಗಕ್ಕೆ ಬೀಳುವುದಿಲ್ಲ. ಕುಡುವಿನ ಗುಂಡಿಗೆ ಹೊಂದಿಸಿದ ಗುರಿ ಸಾಲಿಡ್‌ಗೆ ಕೆಲವು ಅಂಗುಲ ತಪ್ಪಿದರೂ ಸಾಕು, ಗುಂಡು ಹೊಟ್ಟೆಗೆ ಬೀಳುತ್ತದೆ. ಹಾಗೆ ತಪ್ಪಿದಾಗ ಅರಳದ ಗುಂಡು ಕಿರಿದಾದ ದಾರಿ ಮಾಡಿಕೊಂಡು ಹೊರಟುಹೋಗುತ್ತದೆ; ಪ್ರಾಣಿ ಪೊದೆ ಸೇರಿ ಗಂಟೆಗಟ್ಟಲೆ ನರಳುತ್ತದೆ. ಹೊರಟ ಗುಂಡೂ ಅಲ್ಲಿಗೇ ನಿಲ್ಲುವುದಿಲ್ಲ. ಜೊತೆಯಲ್ಲಿ ಬಾಳುವ ಪ್ರಾಣಿಯ ಹಿಂದೆ ಅದರ ಸಂಗಾತಿ ನಿಂತಿರಬಹುದು. ಪೊದೆಯ ಆಚೆ ದನ ಕಾಯುವ ಹುಡುಗನಿರಬಹುದು.

ಹೀಗಾಗಿ ನನ್ನ ಅಭಿಪ್ರಾಯ ಇಷ್ಟು. ಬೇಟೆಗೆ ಅನುಮತಿಯಿರುವ ನಾಡಿನಲ್ಲಿ ಅರಳದ ಗುಂಡನ್ನು ಬಳಸುವವನು ಅದೇ ಗುಂಡಿನಿಂದ ರೈಫಲ್ಲಿನ ಗುರಿಯನ್ನು ಮೊದಲೇ ಪರೀಕ್ಷಿಸಿಕೊಂಡಿರಬೇಕು. ಪ್ರಾಣಿ ಹತ್ತಿರದಲ್ಲಿ, ಪಕ್ಕೆ ತೋರಿಸಿ ನಿಂತಿರಬೇಕು. ಅದರ ಹಿಂದೆ ಗುಂಡನ್ನು ನುಂಗುವ ಮಣ್ಣಿನ ದಿಬ್ಬವಿರಬೇಕು. ಇವುಗಳಲ್ಲಿ ಒಂದು ಇಲ್ಲದಿದ್ದರೂ ಕೋವಿಯನ್ನು ಕೆಳಗಿಳಿಸಬೇಕು. ಚರ್ಮಕ್ಕಾಗಿ ಮಾತ್ರ ಹೊಡೆಯುವವನಿಗೆ, ಬೇಗ ಕೊಲ್ಲುವ ಗುಂಡನ್ನು ಬಳಸಿ ಚರ್ಮ ಹಾಳಾದರೆ ಆಗಲಿ ಎನ್ನುವ ಮನಸ್ಸಿರಬೇಕು. ಆ ಮನಸ್ಸಿಲ್ಲದವನು ಹೊಡೆಯದಿರುವುದೇ ಲೇಸು. ಪರವಾನಗಿ ಕೊಡುವ ಸರಕಾರಗಳು ಕೊಂಬಿನ ಉದ್ದದ ಜೊತೆಗೆ ಇದನ್ನೂ ಕೇಳಬಾರದೇಕೆ?

ಈ ಮಾತನ್ನು ನಾನು ಎತ್ತರದ ಪೀಠದಲ್ಲಿ ಕುಳಿತು ಹೇಳುತ್ತಿಲ್ಲ. ಇಂದು ಹುಲಿಗಳ ಆಶ್ರಯತಾಣವಾಗಿರುವ ಬಂಡೀಪುರ ಒಂದು ಕಾಲಕ್ಕೆ ಮೈಸೂರು ಅರಸರ ಬೇಟೆಯ ಕಾಡಾಗಿತ್ತು. ಅರಸರೂ ದೊರೆಗಳೂ ಹೊಡೆದ ಹುಲಿ ಚಿರತೆಗಳನ್ನು ತುಂಬಿಸಿ ಜೀವಂತವೆಂಬಂತೆ ನಿಲ್ಲಿಸುವುದರಲ್ಲಿ ಮೈಸೂರಿನ ವಾನ್ ಇಂಗನ್ ಸಂಸ್ಥೆ ಲೋಕಪ್ರಸಿದ್ಧವಾಗಿತ್ತು. 1999ರಲ್ಲಿ ಅದು ಮುಚ್ಚಿತು. ನಮ್ಮ ನಾಡಿನ ಅರಮನೆ, ಬಂಗಲೆಗಳ ಗೋಡೆಗಳ ಮೇಲೆ ಆ ಕಾಲದ ಮುಖಗಳು ಗಾಜಿನ ಕಣ್ಣಿನಿಂದ ಇನ್ನೂ ನೋಡುತ್ತಿವೆ. ಅವುಗಳ ಚರ್ಮದಲ್ಲಿ ಗಾಯ ಕಾಣುವುದಿಲ್ಲ. ಅವು ಹೇಗೆ ಸತ್ತವೆಂಬುದನ್ನು ಯಾರೂ ಬರೆದಿಟ್ಟಿಲ್ಲ. ಡಿಕ್‌ಡಿಕ್ಕಿಗೂ ಅದೇ ಗತಿಯಾಗದಿರಲೆಂದು ಇಷ್ಟು ಬರೆದೆ.