ಕಳಲೆಯ ನೀರು ಚೆಲ್ಲಲು ಕಲಿಸಿದವರು

ಮಳೆಗಾಲ ಹಿಡಿಯಿತೆಂದರೆ ಕೊಪ್ಪ, ಶೃಂಗೇರಿ ಕಡೆಯ ಹೋಂಸ್ಟೇಗಳಲ್ಲಿ ‘ಅಪ್ಪಟ ಮಲೆನಾಡ ಊಟ’ಕ್ಕೆ ಎಲ್ಲಿಲ್ಲದ ಬೇಡಿಕೆ. ಕಳಲೆ ಪಲ್ಯ, ಪತ್ರೊಡೆ, ಕಡುಬು, ಜೊತೆಗೆ ‘ಅಜ್ಜಿಯ ಕೈರುಚಿ’ ಎಂಬ ಒಕ್ಕಣೆ. ಆ ಅಜ್ಜಿಯ ಅಜ್ಜಿಗೆ ಇದನ್ನೆಲ್ಲ ಹೇಳಿಕೊಟ್ಟವರ ಸುದ್ದಿಯನ್ನು ಮಾತ್ರ ಯಾರೂ ಎತ್ತುವುದಿಲ್ಲ.

ಕಳಲೆಯೆಂದರೆ ಎಳೆ ಬಿದಿರು; ಅದನ್ನು ಕಾಡಿನಿಂದ ತಂದು ನೇರ ಒಗ್ಗರಣೆಗೆ ಹಾಕುವಂತಿಲ್ಲ. ಅದರಲ್ಲಿ ಸಯನೈಡ್ ಹುಟ್ಟಿಸುವ ಅಂಶವಿದೆ. ಹೊರಗಿನ ಪದರಗಳನ್ನು ಸುಲಿದು, ಸಣ್ಣಗೆ ಹೆಚ್ಚಿ, ಎರಡು ಮೂರು ದಿನ ನೀರಿನಲ್ಲಿಟ್ಟು, ದಿನಾ ಹಳೆ ನೀರು ಚೆಲ್ಲಿ ಹೊಸ ನೀರು ಹಾಕಿದ ಮೇಲೇ ಅದು ಒಲೆಗೇರಬೇಕು. ಪತ್ರೊಡೆಗೆ ಬೇಕಾದ ಕೆಸುವಿನ ಎಲೆಯದು ಇನ್ನೊಂದು ಕಥೆ: ಹುಳಿ ಕಮ್ಮಿಯಾದರೆ ಗಂಟಲೆಲ್ಲ ತುರಿಕೆ. ಮೂರನೇ ಮಂಗರಸ 16ನೇ ಶತಮಾನದ ಆರಂಭದಲ್ಲಿ ಬರೆದ ‘ಸೂಪಶಾಸ್ತ್ರ’ದಲ್ಲಿ ಕಳಲೆಯ ಅಡುಗೆಗೂ ಜಾಗವಿದೆ. ಗ್ರಂಥ ಬರೆದವನ ಹೆಸರು ಉಳಿಯಿತು. ಕಾಡಿನ ಬದುಕನ್ನೇ ನೆಚ್ಚಿದ್ದ ಹಸಲರು, ಮಲೆಕುಡಿಯರಂಥ ಬುಡಕಟ್ಟು ಜನರ ಹೆಸರು ಅಡುಗೆಯ ಚರಿತ್ರೆಯಲ್ಲಿ ಎಲ್ಲಿದೆ?

ಹೆಸರಿನ ಮಾತು ಹಾಗಿರಲಿ, ಮರೆವಿಗೆ ಜನ ಜೀವವನ್ನೂ ತೆತ್ತಿದ್ದಾರೆ. ಮೆಕ್ಸಿಕೋದ ಮೂಲನಿವಾಸಿಗಳು ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸುತ್ತಿದ್ದರು. ಯುರೋಪಿನವರು ಜೋಳವನ್ನು ಹೊತ್ತೊಯ್ದರು, ಸುಣ್ಣವನ್ನು ಅಲ್ಲೇ ಬಿಟ್ಟರು. 18ನೇ ಶತಮಾನದ ಹೊತ್ತಿಗೆ ಸ್ಪೇನ್, ಇಟಲಿಗಳಲ್ಲಿ ಸುಣ್ಣ ಕಾಣದ ಆ ಜೋಳವನ್ನೇ ಉಂಡು ಬದುಕುತ್ತಿದ್ದ ಬಡವರಿಗೆ ಪೆಲ್ಲಾಗ್ರ ಬಡಿಯಿತು. ಚರ್ಮ ಸುಲಿಯುವ, ಬುದ್ಧಿ ಕೆಡಿಸುವ ರೋಗ.

ಇತ್ತ ಮಲೆನಾಡಿನ ನರಸಿಂಹರಾಜಪುರಕ್ಕೆ ಮರಗೆಣಸು ಬಂದ ಬಗೆ ಬೇರೆ. ಬ್ರೆಜಿಲ್ಲಿನ ಈ ಗೆಡ್ಡೆಯನ್ನು ತಿರುವಾಂಕೂರಿನಲ್ಲಿ 1880ರಿಂದ 1885ರವರೆಗೆ ಆಳಿದ ವಿಶಾಖಂ ತಿರುನಾಳ್ ರೈತರಿಗೆ ರೂಢಿ ಮಾಡಿಸಿದ. ಎರಡನೇ ಮಹಾಯುದ್ಧದಲ್ಲಿ ಬರ್ಮಾ ಅಕ್ಕಿ ನಿಂತಾಗ ತಿರುವಾಂಕೂರಿನವರ ಹೊಟ್ಟೆ ತುಂಬಿಸಿದ್ದೂ ಅದೇ. ಮುಂದೆ ಕೇರಳದ ಕ್ರೈಸ್ತ ಕುಟುಂಬಗಳು ಈ ತಾಲೂಕಿಗೆ ವಲಸೆ ಬಂದವು. ಅವರ ಜೊತೆ ಗೆಣಸೂ ಬಂತು, ಬೇಯಿಸಿದ ನೀರನ್ನು ಬಸಿದು ಚೆಲ್ಲುವ ರೂಢಿಯೂ ಬಂತು. ಇದರಲ್ಲೂ ಕಳಲೆಯದೇ ವಿಷ! ಮೀನು ಸಾರಿನೊಂದಿಗೆ ಇದನ್ನು ಸವಿಯುವವರಿಗೆ ಇದು ಯಾರ ಊಟವೆಂಬುದು ಇನ್ನೂ ನೆನಪಿದೆ.

ಹಸಲರಿಗೆ ಆ ಭಾಗ್ಯವಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಬಿದಿರನ್ನು ಕಿರು ಅರಣ್ಯ ಉತ್ಪನ್ನಗಳ ಸಾಲಿಗೆ ಸೇರಿಸಿ, ಅದರ ಮೇಲೆ ಬುಡಕಟ್ಟು ಜನರ ಹಕ್ಕನ್ನು ಒಪ್ಪಿದೆ. ಕಾನೂನು ಅಷ್ಟಾದರೂ ಮಾಡಿತು. ಮಲೆನಾಡಿನ ಆಹಾರ ಮೇಳ ನಡೆಸುವವರು ಇನ್ನು ಮುಂದೆ ಕಳಲೆ ಪಲ್ಯದ ಮಳಿಗೆಯನ್ನು ಪೇಟೆಯ ಕೇಟರಿಂಗಿನವರಿಗೆ ವಹಿಸುವ ಬದಲು ಹಸಲರ ಹೆಂಗಸರಿಗೆ ಬಿಟ್ಟುಕೊಡಲಿ. ಬಂದ ದುಡ್ಡೂ ಅವರ ಕೈಗೇ ಹೋಗಲಿ.