ದೈತ್ಯಾಣುವಿಗೊಂದು ತಕ್ಕಡಿ

ಮೇಣದ ಬತ್ತಿ, ಹಾಲಿನ ಪ್ಲಾಸ್ಟಿಕ್ ಚೀಲ, ಸವೆದ ಸೊಂಟದ ಕೀಲಿಗೆ ಬದಲಾಗಿ ಶಸ್ತ್ರವೈದ್ಯರು ಕೂಡಿಸುವ ಬಿಳಿಯ ಬಟ್ಟಲು: ಈ ಮೂರಕ್ಕೂ ಏನು ನಂಟು? ನೋಡುವ ಕಣ್ಣಿಗೆ ಏನೂ ಕಾಣದು. ರಸಾಯನಶಾಸ್ತ್ರಜ್ಞನನ್ನು ಕೇಳಿದರೆ ಮೂರೂ ಒಂದೇ ಮನೆತನದವು ಎಂದಾನು. ಮೂರರಲ್ಲಿಯೂ ಇರುವುದು ಇಂಗಾಲ ಮತ್ತು ಜಲಜನಕ. ಜೋಡಣೆಯ ಬಗೆಯೂ ಹೆಚ್ಚುಕಡಿಮೆ ಒಂದೇ; ಇಂಗಾಲದ ಪರಮಾಣುಗಳು ಒಂದರ ಕೈಯನ್ನೊಂದು ಹಿಡಿದು ನಿಂತ ಸರಪಳಿ. ವ್ಯತ್ಯಾಸವಿರುವುದು ಸರಪಳಿಯ ಉದ್ದದಲ್ಲಿ. ಮೇಣದ ಅಣುತೂಕ ಕೆಲವು ನೂರು ಮಾತ್ರ. ಚೀಲದ್ದು ಹತ್ತಾರು ಸಾವಿರದಿಂದ ಲಕ್ಷಗಳವರೆಗೆ. ಕೀಲಿನ ಬಟ್ಟಲಿನದು ಸಾಮಾನ್ಯವಾಗಿ 30 ಲಕ್ಷಕ್ಕೂ ಮಿಗಿಲು. ಉಗುರಿಗೆ ಸುಲಭವಾಗಿ ಸೋಲುವ ವಸ್ತುವನ್ನೂ ಮನುಷ್ಯನ ಮೈಭಾರವನ್ನು ವರ್ಷಗಟ್ಟಲೆ ಹೊರುವ ವಸ್ತುವನ್ನೂ ಬೇರ್ಪಡಿಸುವುದು ಈ ಒಂದು ಸಂಖ್ಯೆ. ಹೀಗೆ ಚಿಕ್ಕ ಘಟಕಗಳು ಸಾಲುಗೂಡಿ ಆದ ದೀರ್ಘ ಅಣುಗಳ ವಸ್ತುವಿಗೇ ಪಾಲಿಮರ್ ಎಂದು ಹೆಸರು.

ಜಲಜನಕದ ಪರಮಾಣುವಿನ ತೂಕವನ್ನು ಸುಮಾರು 1 ಎಂದು ಎಣಿಸಿದರೆ ನೀರಿನ ಅಣುವಿನ ತೂಕ 18, ಸಕ್ಕರೆಯದು 342. ಅಣುವನ್ನು ಕಂಡವರಿಲ್ಲದ ಕಾಲದಲ್ಲಿಯೇ ಇದನ್ನು ಅಳೆಯುವ ಉಪಾಯಗಳು ಹುಟ್ಟಿದ್ದವು. ವಸ್ತುವನ್ನು ಆವಿಮಾಡಿ ಆ ಆವಿಯನ್ನು ತೂಗುವುದು ಒಂದು ಉಪಾಯ. ಆದರೆ ರಬ್ಬರನ್ನು ಕಾಯಿಸಿದರೆ ಅದು ಆವಿಯಾಗುವ ಮೊದಲೇ ಒಡೆದು ಕೆಡುತ್ತದೆ. ಇನ್ನುಳಿದ ದಾರಿ ಒಂದೇ: ತಕ್ಕ ದ್ರವದಲ್ಲಿ ಅದನ್ನು ಕರಗಿಸುವುದು. ಕರಗಿದಾಗ ಅಣುಗಳು ಗುಂಪನ್ನು ಅಗಲಿ ಒಂಟಿಯಾಗಿ ತೇಲುತ್ತವೆ. ಆಗ ಅವುಗಳ ನಡವಳಿಕೆಯಿಂದ ತೂಕವನ್ನು ಊಹಿಸಬಹುದು.

ಆದರೆ ಅವು ನಿಜವಾಗಿಯೂ ಒಂಟಿಯಾಗಿರುತ್ತವೆಯೆ? ಈ ಪ್ರಶ್ನೆಯೇ ಒಂದು ಕಾಲಕ್ಕೆ ಯೂರೋಪಿನ ರಸಾಯನಶಾಸ್ತ್ರಜ್ಞರನ್ನು ಎರಡು ಪಂಗಡ ಮಾಡಿತು. ರಬ್ಬರ್, ಹತ್ತಿಯ ನಾರು, ಪಿಷ್ಟ ಮೊದಲಾದವುಗಳ ಅಣುಗಳು ಚಿಕ್ಕವೇ. ಅವು ಯಾವುದೋ ದುರ್ಬಲವಾದ ಆಕರ್ಷಣೆಯಿಂದ ಗುಂಪುಕಟ್ಟಿ ದೊಡ್ಡವಾಗಿ ತೋರುತ್ತವೆ ಎಂಬುದು ಹಿರಿಯರ ಮತವಾಗಿತ್ತು. 1920ರಲ್ಲಿ ಜೂರಿಕ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಹರ್ಮನ್ ಸ್ಟೌಡಿಂಗರ್ ಅವರು ಇದಕ್ಕೆ ಎದುರಾಗಿ ನಿಂತರು. ಗುಂಪೂ ಅಲ್ಲ, ಗೋಷ್ಠಿಯೂ ಅಲ್ಲ; ಸಾವಿರಾರು ಪರಮಾಣುಗಳು ನಿಜವಾದ ರಾಸಾಯನಿಕ ಬಂಧದಿಂದಲೇ ಸಾಲುಗೂಡಿದ ಒಂದೊಂದು ದೈತ್ಯಾಣು ಅದು ಎಂಬುದು ಅವರ ವಾದ. ಹಿರಿಯರಿಗೆ ಇದು ರುಚಿಸಲಿಲ್ಲ. ಹೆಸರಾಂತ ವಿಜ್ಞಾನಿ ಹೈನ್‌ರಿಕ್ ವೀಲ್ಯಾಂಡ್ ಅವರು, ಅಣುತೂಕ 5000ವನ್ನು ಮೀರಿದ ಸಾವಯವ ಅಣುಗಳು ಇಲ್ಲವೇ ಇಲ್ಲವೆಂದೂ, ರಬ್ಬರನ್ನು ಚೆನ್ನಾಗಿ ಶುದ್ಧಮಾಡಿದರೆ ಅದು ಚಿಕ್ಕ ಅಣುಗಳ ಹರಳಾಗಿ ನಿಲ್ಲುವುದೆಂದೂ ಸ್ನೇಹಪೂರ್ವಕವಾಗಿ ಬುದ್ಧಿ ಹೇಳಿದರು. 1926ರಲ್ಲಿ ಡ್ಯೂಸೆಲ್‌ಡಾರ್ಫ್ ನಗರದಲ್ಲಿ ನಡೆದ ವಿದ್ವತ್ಸಭೆಯಲ್ಲಿಯೂ ಸ್ಟೌಡಿಂಗರ್ ಬಹುಮಟ್ಟಿಗೆ ಒಂಟಿಯಾಗಿಯೇ ವಾದಿಸಬೇಕಾಯಿತು. ಅದೇ ವರ್ಷ ಅವರು ಜರ್ಮನಿಯ ಫ್ರೈಬುರ್ಗ್ ವಿಶ್ವವಿದ್ಯಾನಿಲಯಕ್ಕೆ ಬಂದರು. ಅಲ್ಲಿ ಅವರಿಗಿಂತ ಹಿಂದೆ ಆ ಪೀಠದಲ್ಲಿದ್ದವರು ವೀಲ್ಯಾಂಡರೇ!

ಮಾತಿನಿಂದ ಮುಗಿಯದ ಜಗಳವನ್ನು ತಕ್ಕಡಿಯೇ ತೀರಿಸಬೇಕು. ಆದರೆ ಹಳೆಯ ತಕ್ಕಡಿ ಇಲ್ಲಿ ಸಾಲದು. ನೀರಿನಲ್ಲಿ ಏನನ್ನಾದರೂ ಕರಗಿಸಿದರೆ ಅದು ಹೆಪ್ಪುಗಟ್ಟುವ ಉಷ್ಣತೆ ಕೆಳಗಿಳಿಯುವುದಷ್ಟೆ. ಎಷ್ಟು ಇಳಿಯುವುದೆಂಬುದು ಕರಗಿದ ಅಣುಗಳ ಸಂಖ್ಯೆಯನ್ನು ಅವಲಂಬಿಸಿದೆ. ಒಂದು ಕಿಲೋಗ್ರಾಂ ನೀರಿಗೆ 10 ಗ್ರಾಂ ಗ್ಲೂಕೋಸ್ ಹಾಕಿದರೆ ಸುಮಾರು 0.1 ಡಿಗ್ರಿ ಇಳಿಯುತ್ತದೆ. ಅಷ್ಟೇ ತೂಕದ, ಆದರೆ ಅಣುತೂಕ ಒಂದು ಲಕ್ಷವಿರುವ ಪಾಲಿಮರನ್ನು ಹಾಕಿದರೆ ಅಣುಗಳ ಸಂಖ್ಯೆ ತೀರ ಕಡಿಮೆ. ಇಳಿತ ಒಂದು ಡಿಗ್ರಿಯ 5000ದಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ಅಳೆಯುವವನ ಉಸಿರಿನ ಬಿಸಿಯೇ ಅದನ್ನು ಕೆಡಿಸೀತು.

ಅದೇ ದ್ರಾವಣವನ್ನು ಇನ್ನೊಂದು ಬಗೆಯಲ್ಲಿ ಪರೀಕ್ಷಿಸಬಹುದು. ನೀರನ್ನು ಬಿಟ್ಟುಕೊಟ್ಟು ದೊಡ್ಡ ಅಣುಗಳನ್ನು ತಡೆಯುವ ತೆಳ್ಳನೆಯ ಪೊರೆಯೊಂದರ ಒಂದು ಕಡೆ ದ್ರಾವಣ, ಇನ್ನೊಂದು ಕಡೆ ಬರಿಯ ನೀರು ಇಟ್ಟರೆ, ನೀರು ಪೊರೆಯನ್ನು ದಾಟಿ ದ್ರಾವಣದೊಳಕ್ಕೆ ನುಗ್ಗುತ್ತದೆ. ದ್ರಾವಣ ಕೊಳವೆಯಲ್ಲಿ ಮೇಲೇರುತ್ತದೆ. ಒಣದ್ರಾಕ್ಷಿಯನ್ನು ನೀರಿನಲ್ಲಿ ನೆನೆಹಾಕಿದಾಗ ಅದು ಉಬ್ಬುವುದು ಇದೇ ನಿಯಮದಿಂದ. ಮೇಲೆ ಹೇಳಿದ ಪಾಲಿಮರಿನ ದ್ರಾವಣ ಹೀಗೆ ಏರುವ ಎತ್ತರ ಸುಮಾರು 2.5 ಸೆಂಟಿಮೀಟರ್; ಶಾಲೆಯ ಹುಡುಗನ ಅಳತೆಪಟ್ಟಿಗೂ ದಕ್ಕುವಷ್ಟು. ಕೇಂಬ್ರಿಡ್ಜಿನ ಗಿಲ್ಬರ್ಟ್ ಅಡೇರ್ ಅವರು ಈ ಕ್ರಮದಿಂದಲೇ ರಕ್ತದ ಕೆಂಪು ವಸ್ತುವಾದ ಹಿಮೋಗ್ಲೋಬಿನ್ನಿನ ಅಣುತೂಕ ಸುಮಾರು 67,000 ಎಂದು 1925ರಲ್ಲಿ ಪ್ರಕಟಿಸಿದರು.

ಸ್ವೀಡನ್ನಿನ ಉಪ್ಸಾಲಾದಲ್ಲಿ ಥಿಯೊಡೋರ್ ಸ್ವೆಡ್‌ಬರ್ಗ್ ಅವರು ಬೇರೊಂದು ದಾರಿ ಹಿಡಿದಿದ್ದರು. ಕೊಡದಲ್ಲಿಟ್ಟ ಕೆಸರುನೀರಿನಲ್ಲಿ ಮರಳು ಬೇಗ ತಳಕ್ಕಿಳಿಯುತ್ತದೆ, ನುಣ್ಣನೆಯ ಮಣ್ಣು ನಿಧಾನವಾಗಿ ಇಳಿಯುತ್ತದೆ. ಅಣುಗಳಾದರೆ ಸುತ್ತಲಿನ ನೂಕುನುಗ್ಗಲಿಗೆ ಸಿಕ್ಕಿ ಇಳಿಯುವುದೇ ಇಲ್ಲ. ಸ್ವೆಡ್‌ಬರ್ಗ್ ಅವರು ದ್ರಾವಣವನ್ನು ಅತಿವೇಗವಾಗಿ ತಿರುಗಿಸಿ, ಭೂಮಿಯ ಸೆಳೆತದ ಸಾವಿರಾರು ಪಟ್ಟು ಬಲವನ್ನು ಅದರ ಮೇಲೆ ಹೇರುವ ಯಂತ್ರವನ್ನು ಕಟ್ಟಿದರು. 1926ರಲ್ಲಿ ಹಿಮೋಗ್ಲೋಬಿನ್ನಿಗೆ ಅವರು ಕಂಡ ತೂಕವೂ ಅಡೇರರ ಸಂಖ್ಯೆಗೆ ಸಮೀಪವಾಗಿಯೇ ಬಂದಿತು. ಇಂದು ಒಪ್ಪಿರುವ ಬೆಲೆ ಸುಮಾರು 64,500. ಒಂದಕ್ಕೊಂದು ಸಂಬಂಧವಿಲ್ಲದ ಎರಡು ತಕ್ಕಡಿಗಳು ಒಂದೇ ಮಾತನ್ನು ಆಡಿದ ಮೇಲೆ, 5000ದ ಗೆರೆಯನ್ನು ನೆಚ್ಚಿ ಕೂಡುವುದು ಕಷ್ಟವಾಯಿತು.

ಸ್ಟೌಡಿಂಗರ್ ಅವರು ಹಿಡಿದದ್ದು ಇನ್ನೂ ಸರಳವಾದ ಸಾಧನ: ಸೂಜಿಯಂಥ ರಂಧ್ರವುಳ್ಳ ಒಂದು ಗಾಜಿನ ಕೊಳವೆ ಮತ್ತು ಒಂದು ಗಡಿಯಾರ. ಬರಿಯ ದ್ರವ ಕೊಳವೆಯಲ್ಲಿ ಹರಿದು ಮುಗಿಯಲು 100 ಸೆಕೆಂಡು ಬೇಕಾದರೆ, ಪಾಲಿಮರ್ ಕರಗಿದ ದ್ರವಕ್ಕೆ 130 ಸೆಕೆಂಡು ಬೇಕಾಗಬಹುದು. ಈ ತಡವೇ ಸುಳಿವು. ಒಂದು ಪಾತ್ರೆ ನೀರಿಗೆ ಒಂದು ಹಿಡಿ ಸಾಸಿವೆ ಹಾಕಿ ಸೌಟಾಡಿಸಿದರೆ ಕೈಗೆ ತೊಡಕೇನೂ ತೋರದು. ಅಷ್ಟೇ ತೂಕದ ಶ್ಯಾವಿಗೆಯನ್ನು ಹಾಕಿ ನೋಡಿದರೆ ಸೌಟು ತಡವರಿಸುತ್ತದೆ. ಗುಂಡಾದ ಕಣಗಳು ದ್ರವವನ್ನು ಎಷ್ಟು ಮಂದಗೊಳಿಸುತ್ತವೆಂಬುದು ಅವುಗಳ ಒಟ್ಟು ಗಾತ್ರವನ್ನು ಅವಲಂಬಿಸಿದೆಯೇ ಹೊರತು ಒಂದೊಂದರ ಗಾತ್ರವನ್ನಲ್ಲವೆಂದು 1906ರಲ್ಲಿಯೇ ಐನ್‌ಸ್ಟೈನ್ ತೋರಿಸಿದ್ದರು. ಸ್ಟೌಡಿಂಗರರ ದ್ರಾವಣಗಳಾದರೋ ಅಣುವಿನ ತೂಕ ಹೆಚ್ಚಿದಂತೆಲ್ಲ ಮಂದವಾಗುತ್ತ ಹೋದವು. ಅಂದಮೇಲೆ ಅಲ್ಲಿದ್ದವು ಗುಂಡುಗಳಲ್ಲ, ಎಳೆಗಳು. ಆ ಎಳೆಗಳನ್ನು ರಾಸಾಯನಿಕವಾಗಿ ಮಾರ್ಪಡಿಸಿದ ಮೇಲೂ ಉದ್ದ ಬಹುಪಾಲು ಹಾಗೆಯೇ ಉಳಿಯಿತು. ದುರ್ಬಲ ಆಕರ್ಷಣೆಯ ಗುಂಪಾಗಿದ್ದರೆ ಅದು ಚೆದರಿಹೋಗಬೇಕಾಗಿತ್ತು.

ಈ ಗೆಲುವಿನೊಳಗೆ ಒಂದು ಸಣ್ಣ ಸೋಲೂ ಅಡಗಿತ್ತು. ಎಳೆಗಳು ಕಡ್ಡಿಯಂತೆ ಸೆಟೆದು ನಿಂತಿರುತ್ತವೆಂದು ಸ್ಟೌಡಿಂಗರ್ ನಂಬಿದ್ದರು. ಆದ್ದರಿಂದ ತೂಕ ಇಮ್ಮಡಿಯಾದರೆ ಮಂದತೆಯ ಅಳತೆಯೂ ಇಮ್ಮಡಿಯಾಗಬೇಕೆಂದರು. ವಾಸ್ತವವಾಗಿ ಹೆಚ್ಚಿನ ಎಳೆಗಳು ಸಿಕ್ಕುಗಟ್ಟಿದ ನೂಲಿನ ಉಂಡೆಯಂತೆ ಸಡಿಲವಾಗಿ ಸುರುಳಿಗೊಂಡಿರುತ್ತವೆ. ಮಂದತೆ ಅಷ್ಟು ವೇಗವಾಗಿ ಏರದು. ಹರ್ಮನ್ ಮಾರ್ಕ್ ಮುಂತಾದವರು ಈ ನಿಯಮವನ್ನು ತಿದ್ದಿದರು. ತಿದ್ದಿದ ನಿಯಮದೊಡನೆ ಆ ಗಾಜಿನ ಕೊಳವೆ ಇಂದಿಗೂ ಪ್ರಯೋಗಶಾಲೆಗಳಲ್ಲಿ ದುಡಿಯುತ್ತಿದೆ. ಅಣುಗಳು ಒಂದಕ್ಕೊಂದು ಅಡ್ಡಬಾರದಂತೆ ದ್ರಾವಣವನ್ನು ಮತ್ತೆಮತ್ತೆ ತೆಳುಮಾಡಿ ಅಳೆಯಬೇಕು, ಮತ್ತು ಬೇರೊಂದು ತಕ್ಕಡಿಯೊಡನೆ ಅದನ್ನು ಮೊದಲೇ ತಾಳೆನೋಡಿರಬೇಕು, ಇವೆರಡೇ ಕಟ್ಟಳೆಗಳು.

1944ರಲ್ಲಿ ಪೀಟರ್ ಡಿಬೈ ಇನ್ನೊಂದು ತಕ್ಕಡಿಯನ್ನು ಒದಗಿಸಿದರು. ಬೆಳಕಿನ ಕಿರಣವನ್ನು ದ್ರಾವಣದ ಮೂಲಕ ಹಾಯಿಸಿದರೆ ದೊಡ್ಡ ಅಣುಗಳು ಅದನ್ನು ಹೆಚ್ಚಾಗಿ ಚೆದರಿಸುತ್ತವೆ. ಚೆದರಿದ ಬೆಳಕನ್ನು ಅಳೆದರೆ ತೂಕ ತಿಳಿಯುತ್ತದೆ. ಇಲ್ಲೊಂದು ಸ್ವಾರಸ್ಯ ಉಂಟು. ಒಂದೇ ಪಾಲಿಮರಿನ ತೂಕ ಪೊರೆಯ ಕ್ರಮದಲ್ಲಿ ಒಂದು, ಬೆಳಕಿನ ಕ್ರಮದಲ್ಲಿ ಇನ್ನೊಂದು ಬರುತ್ತದೆ! ಎರಡೂ ಸುಳ್ಳಲ್ಲ. ಬುಟ್ಟಿಯೊಂದರಲ್ಲಿ ತಲಾ 50 ಗ್ರಾಮಿನ ಒಂಬತ್ತು ನಿಂಬೆಹಣ್ಣು, 5550 ಗ್ರಾಮಿನ ಒಂದು ಕುಂಬಳಕಾಯಿ ಇದೆಯೆನ್ನೋಣ. ಒಟ್ಟು 6000 ಗ್ರಾಂ, ಹತ್ತು ಕಾಯಿ. ಸರಾಸರಿ 600 ಗ್ರಾಂ. ಅಂಥ ತೂಕದ ಕಾಯಿ ಬುಟ್ಟಿಯಲ್ಲಿ ಒಂದೂ ಇಲ್ಲ. ತಲೆಯೆಣಿಸುವ ಪೊರೆ ಹೇಳುವುದು ಈ ಸರಾಸರಿಯನ್ನು. ಬೆಳಕಾದರೋ ಪ್ರತಿಯೊಂದು ಗ್ರಾಮನ್ನೂ ‘ನೀನು ಎಂಥ ಕಾಯಿಯ ಪಾಲು?’ ಎಂದು ವಿಚಾರಿಸುತ್ತದೆ. ಬಹುಪಾಲು ಗ್ರಾಮುಗಳು ಕುಂಬಳದವೇ ಆದ್ದರಿಂದ ಆ ಸರಾಸರಿ 5137 ಗ್ರಾಮಿಗೆ ಏರುತ್ತದೆ. ಎರಡು ಸರಾಸರಿಗಳ ನಡುವಣ ಅಂತರವೇ ಬುಟ್ಟಿಯ ಗುಟ್ಟನ್ನು ಬಿಟ್ಟುಕೊಡುತ್ತದೆ: ಅಂತರ ಹೆಚ್ಚಿದಷ್ಟೂ ಎಳೆಗಳು ಏರುಪೇರು, ಅಂತರವಿಲ್ಲದಿದ್ದರೆ ಎಲ್ಲವೂ ಸಮ.

ಇಷ್ಟೊಂದು ಎಣಿಕೆ ಯಾರಿಗೆ ಬೇಕು ಎನ್ನುವವರಿಗೆ ಆಸ್ಪತ್ರೆಯ ಸೀಸೆಯೇ ಉತ್ತರ. ಸಕ್ಕರೆಯ ದ್ರಾವಣದಲ್ಲಿ ಕೆಲವು ಸೂಕ್ಷ್ಮಜೀವಿಗಳು ಬೆಳೆದಾಗ ಡೆಕ್ಸ್‌ಟ್ರಾನ್ ಎಂಬ ಲೋಳೆ ಹುಟ್ಟುತ್ತದೆ. ಗ್ಲೂಕೋಸಿನ ಘಟಕಗಳಿಂದಾದ ಪಾಲಿಮರ್ ಅದು. ರಕ್ತ ಕಳೆದುಕೊಂಡ ರೋಗಿಯ ನಾಳಗಳನ್ನು ತಾತ್ಕಾಲಿಕವಾಗಿ ತುಂಬಲು ಇದನ್ನು ಬಳಸಬಹುದೆಂದು 1940ರ ದಶಕದಲ್ಲಿ ಸ್ವೀಡನ್ನಿನ ಗ್ರೋನ್‌ವಾಲ್ ಮತ್ತು ಇಂಗೆಲ್‌ಮನ್ ಕಂಡುಕೊಂಡರು. ಆದರೆ ಲೋಳೆಯ ಅಣುತೂಕ ಹಲವು ದಶಲಕ್ಷ. ಅದನ್ನು ಹಾಗೆಯೇ ಕೊಟ್ಟರೆ ರಕ್ತದ ಕೆಂಪುಕಣಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ತೀರ ಚಿಕ್ಕದಾಗಿ ಕತ್ತರಿಸಿ ಕೊಟ್ಟರೆ ಮೂತ್ರಪಿಂಡಗಳು ಬಹುಬೇಗ ಹೊರಹಾಕಿಬಿಡುತ್ತವೆ. ನಡುವಣ ಹದದ ಅಣುಗಳನ್ನೇ ಆರಿಸಿ ತೆಗೆಯಬೇಕು. ‘ಡೆಕ್ಸ್‌ಟ್ರಾನ್ 40’, ‘ಡೆಕ್ಸ್‌ಟ್ರಾನ್ 70’ ಎಂದು ಸೀಸೆಯ ಮೇಲಿರುವ ಸಂಖ್ಯೆ ಬೇರೇನೂ ಅಲ್ಲ. ಸಾವಿರಗಳಲ್ಲಿ ಹೇಳಿದ ಸರಾಸರಿ ಅಣುತೂಕ. ಈಗ ಬೇರೆ ದ್ರವಗಳೂ ಬಂದು ಅದರ ಬಳಕೆ ಮೊದಲಿನಷ್ಟಿಲ್ಲ. ಆದರೂ ಅಳತೆಯ ತಪ್ಪು ರೋಗಿಯ ಪ್ರಾಣಕ್ಕೆ ಎರವಾಗಬಹುದಾಗಿದ್ದ ಎಡೆಯಲ್ಲಿ ಆ ಎರಡು ಅಂಕಿಗಳೇ ಕಾವಲು ನಿಂತವು.

ಸ್ಟೌಡಿಂಗರ್ ಅವರಿಗೆ ನೊಬೆಲ್ ಪಾರಿತೋಷಕ ಬಂದದ್ದು 1953ರಲ್ಲಿ. ಆಗ ಅವರ ವಯಸ್ಸು 72. ಇಲ್ಲವೇ ಇಲ್ಲವೆಂದು ದೊಡ್ಡವರು ಹೇಳಿದ ಅಣುವಿಗಾಗಿ ಅವರು ಮೂವತ್ತಕ್ಕೂ ಹೆಚ್ಚು ವರ್ಷ ಹೋರಾಡಿದ್ದರು. ಅಷ್ಟು ಹೊತ್ತಿಗೆ ನೈಲಾನು, ಪಾಲಿಥೀನು ಮನೆಮನೆಯನ್ನು ಹೊಕ್ಕಿದ್ದವು. ಅವುಗಳನ್ನು ಉಡುವವರೂ ಹಿಡಿಯುವವರೂ ಅಂಥದೊಂದು ಜಗಳ ನಡೆದಿತ್ತೆಂಬುದನ್ನೇ ಅರಿಯರು.