ಕುಡಚಿಯ ಹಾದಿ ಮತ್ತು ನಮ್ಮ ಮೌನ

ಕೃಷ್ಣಾ ತೀರದ ಕುಡಚಿ ಮಹಾರಾಷ್ಟ್ರದ ಗಡಿಗೆ ಸಮೀಪದ ಪಟ್ಟಣ. ಮುಸ್ಲಿಮರು ಗಣನೀಯ ಸಂಖ್ಯೆಯಲ್ಲಿರುವ ಈ ಊರಿನವರು ದೊಡ್ಡ ಚಿಕಿತ್ಸೆಗೆ ಹೊಳೆ ದಾಟಿ ಮಿರಜಕ್ಕೆ ಹೋಗಬೇಕು. 2019ರ ನೆರೆಯಲ್ಲಿ ಉಗಾರ ಸೇತುವೆ ಮುಳುಗಿ ಆ ರಸ್ತೆಯೇ ಕಡಿದುಹೋಯಿತು. ಪೂರ್ವದ ಹಾದಿಯೂ ಸುಗಮವಾಗಲಿಲ್ಲ. 2010-11ರಲ್ಲಿ ಮಂಜೂರಾದ 142 ಕಿ.ಮೀ. ಉದ್ದದ ಬಾಗಲಕೋಟೆ-ಕುಡಚಿ ರೈಲು ಮಾರ್ಗ, ಸುಮಾರು 30 ಕಿ.ಮೀ. ದೂರದ ಖಜ್ಜಿಡೋಣಿಯಲ್ಲೇ ವರ್ಷಗಟ್ಟಲೆ ನಿಂತಿತ್ತು.

ಇದಕ್ಕೆ ಸರಕಾರಗಳಷ್ಟೇ ಹೊಣೆಯೇ? ಚುನಾವಣೆ ಬಂದಾಗ ನಾವು ಕಬರಸ್ತಾನದ ಕಂಪೌಂಡು, ಶಾದಿಮಹಲು ಕೇಳಿದೆವು. ಸೇತುವೆ, ರೈಲು ‘ಎಲ್ಲರ’ ವಿಷಯವೆಂದು ಸುಮ್ಮನಾದೆವು. ಬಾಗಲಕೋಟೆಯ ಕುತುಬುದ್ದೀನ್ ಖಾಜಿಯವರಂಥವರು ಈ ಮಾರ್ಗಕ್ಕಾಗಿ ಹೋರಾಡಿದಾಗ ನಮ್ಮಲ್ಲಿ ಎಷ್ಟು ಜನ ಜೊತೆಗೂಡಿದೆವು?

ಎಲ್ಲರದ್ದಾದುದು ನಮ್ಮದೂ ಹೌದು. ಉಕ್ಕಿದ ಹೊಳೆ ಯಾರ ಜಾತಿಯನ್ನೂ ಕೇಳುವುದಿಲ್ಲ. ನೆರೆಹೊರೆಯ ರೈತರು, ವರ್ತಕರೊಡನೆ ಕೂಡಿ ಕೇಳೋಣ. ನೀರು ಇಳಿದ ಮೇಲೂ ಕೇಳುತ್ತಿರೋಣ.